ಮೀಟರು ಕಾಣದ ದೇಶಕ್ಕೆ ಹೊರಟವರಿಗೆ

ವೀಸಾ ಬಂತಂತೆ. ಸಂತೋಷ. ಹರಕೆ ಶಿಕಾರಿಪುರದ ಹುಚ್ಚರಾಯಸ್ವಾಮಿಗೆ ತೀರಿಸ್ತೀಯೋ, ಚಂದ್ರಗುತ್ತಿಯ ರೇಣುಕಾಂಬೆಗೋ, ಅದು ನಿಮ್ಮ ಮನೆಯ ವಿಷಯ. ಸೂಟ್‌ಕೇಸ್ ತುಂಬಿದ್ದೂ ಆಯ್ತು. ಚಟ್ನಿಪುಡಿ, ಮಿಡಿ ಉಪ್ಪಿನಕಾಯಿ, ಕುಕ್ಕರು, ಕುಕ್ಕರಿಗೆ ಹೆಚ್ಚುವರಿ ಗ್ಯಾಸ್ಕೆಟ್ಟು, ಎಲ್ಲ ಲೆಕ್ಕ ಹಾಕಿ ಇಟ್ಟುಕೊಂಡಿದ್ದೀಯ. ಫೋನಿನ ವ್ಯವಸ್ಥೆ ಏನು ಅಂದರೆ ಮಾತ್ರ "ಅಲ್ಲಿ ಹೋಗಿ ನೋಡ್ಕೊಂಡರಾಯ್ತು ಬಿಡಜ್ಜ" ಅಂತೀಯ. ಗ್ಯಾಸ್ಕೆಟ್ಟಿನ ಮೇಲಿರೋ ಕಾಳಜಿ ಫೋನಿನ ಮೇಲಿಲ್ಲವಲ್ಲ ಮಾರಾಯಾ! ಕುಕ್ಕರು ಕೂಗದಿದ್ದರೆ ಒಂದು ಹೊತ್ತು ಬ್ರೆಡ್ಡು ತಿಂದು ಮಲಗಬಹುದು. ಫೋನು ಕೂಗದಿದ್ದರೆ ಬಾಡಿಗೆ ಮನೆ ಸಿಗಲ್ಲ, ಬ್ಯಾಂಕು ಮಾತಾಡಿಸಲ್ಲ, ಇಲ್ಲಿ ನಿನ್ನ ಅಮ್ಮ ಅನ್ನ ಮುಟ್ಟಲ್ಲ.

ಓದಲಿಕ್ಕೆ ಅಂತ ನಮ್ಮ ಸೀಮೆ ಬಿಟ್ಟು ಹೋದವರಲ್ಲಿ ನೀನೇ ಮೊದಲು ಅಂತ ಬೀಗಬೇಡ. ತಾಳಗುಂದದ ಮಯೂರಶರ್ಮ ಕಂಚಿಗೆ ಹೋಗಿದ್ದ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳ ಆಯ್ತು. ಓದು ಬಿಟ್ಟು ಕತ್ತಿ ಹಿಡಿದ, ಕದಂಬ ರಾಜ್ಯ ಕಟ್ಟಿದ. ತಾಳಗುಂದದ ಪ್ರಣವೇಶ್ವರನ ಗುಡಿಯ ಮುಂದಿನ ಕಂಬದ ಶಾಸನದಲ್ಲಿ ಎಲ್ಲ ಕೆತ್ತಿದೆ, ಬಿಡುವು ಮಾಡಿಕೊಂಡು ನೋಡಿಕೊಂಡು ಹೋಗು. ಅವನ ಜೊತೆ ಗುರು ವೀರಶರ್ಮ ಹೋಗಿದ್ದ, ಅಜ್ಜನೂ ಅವನೇ ಅಂತ ಬಲ್ಲವರು ಹೇಳ್ತಾರೆ. ನಿನ್ನ ಜಗಳ ಕುದುರೆ ಸವಾರನ ಜೊತೆ ಆಗಲ್ಲ, ಮೊಬೈಲ್ ಕಂಪನಿಯ ಕಸ್ಟಮರ್ ಕೇರ್ ಜೊತೆ ಆಗ್ತದೆ. ಗೆದ್ದರೂ ರಾಜ್ಯಗೀಜ್ಯ ಏನೂ ಸಿಗಲ್ಲ. ಜೊತೆಗೆ ಬರೋಣ ಅಂದರೆ ನನ್ನ ಮಂಡಿ ಕೇಳಲ್ಲ. ಹಾಗಾಗಿ ಕೂತಲ್ಲಿಂದಲೇ ಹೇಳ್ತೇನೆ.

ಮುದುಕನಿಗೆ ಫೋನಿನ ವಿಷಯ ಏನು ಗೊತ್ತು ಅಂತ ನಗಬೇಡ. ನೀನು ಹುಟ್ಟೋ ಮುಂಚೆ ನಾನು ಶಿರಾಳಕೊಪ್ಪದಲ್ಲಿ ಎಸ್‌ಟಿಡಿ ಬೂತು ನಡೆಸಿದವನು. ಹಳದಿ ಬೋರ್ಡು, ಗಾಜಿನ ಗೂಡು, ಒಳಗೊಂದು ಸಣ್ಣ ಫ್ಯಾನು, ಕೆಂಪು ಅಂಕಿ ಉರಿಯೋ ಮೀಟರು. ಶಿಕಾರಿಪುರಕ್ಕೆ 08187, ಸೊರಬಕ್ಕೆ 08184, ಸಾಗರಕ್ಕೆ 08183, ದುಬೈಗೆ 971, ಸೌದಿಗೆ 966, ಕುವೈತಿಗೆ 965. ಈಗಲೂ ನಿದ್ದೆಗಣ್ಣಲ್ಲಿ ಕೇಳಿದರೂ ಹೇಳ್ತೇನೆ. ಅದಕ್ಕೂ ಹಿಂದೆ ಟ್ರಂಕ್ ಕಾಲ್ ಬುಕ್ ಮಾಡಿ ಎಕ್ಸ್‌ಚೇಂಜಿನವರು ಯಾವಾಗ ಕೂಗ್ತಾರೋ ಅಂತ ಕಾಯೋ ಕಾಲ. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ಬೇರೆ ಬೇರೆ ದರ. ಲೈಟ್ನಿಂಗ್ ಬುಕ್ ಮಾಡಿದರು ಅಂದರೆ ಯಾರೋ ತೀರಿಕೊಂಡಿದ್ದಾರೆ ಅಂತ ಊರಿಗೇ ಗೊತ್ತಾಗ್ತಿತ್ತು.

ಬೂತಿನಲ್ಲಿ ಕೂತರೆ ಮನುಷ್ಯರ ಸ್ವಭಾವ ಕಾಣ್ತದೆ. ದುಬೈ ದೂರ ಅಂತ ಗಂಟಲು ಹರಿಯೋ ಹಾಗೆ ಕಿರುಚೋರು ಒಂದು ಜಾತಿ, ಅವರ ಮನೆಯ ಗುಟ್ಟೆಲ್ಲ ಬಸ್ ಸ್ಟ್ಯಾಂಡಿಗೇ ಗೊತ್ತು. ಕೆಲವು ತಾಯಂದಿರು ಮಗನ "ಹಲೋ" ಕೇಳಿದ ಕೂಡಲೇ ಅಳಲಿಕ್ಕೆ ಶುರು ಮಾಡಿ, ಮೀಟರು ಓಡಿ ಓಡಿ ಕೈಲಿರೋ ದುಡ್ಡು ಮುಗಿಯೋ ಹೊತ್ತಿಗೆ "ಊಟ ಆಯ್ತಾ" ಅಂತ ಕೇಳಿ ಇಡ್ತಿದ್ದರು. ಎಲ್ಲರಿಗಿಂತ ನನಗೆ ಇಷ್ಟವಾದವರು ಸೊರಬದ ಕಡೆಯ ಒಬ್ಬ ತೋಟದ ಯಜಮಾನರು. ಹೇಳೋದು, ಕೇಳೋದು ಎಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ಬರ್ತಿದ್ದರು. ಒಂದೊಂದೇ ಕೇಳಿ, ಉತ್ತರ ಬರೆದುಕೊಂಡು, ಗೆರೆ ಎಳೆದು, ಮೀಟರಿನ ಕಡೆ ಒಮ್ಮೆ ನೋಡಿ ಇಟ್ಟುಬಿಡ್ತಿದ್ದರು. ಜಿಪುಣ ಅಂತ ಜನ ನಗ್ತಿದ್ದರು. ಆ ಮನುಷ್ಯ ಮಗನ ಸಂಬಳ, ಅವನ ರೂಮಿನ ಬಾಡಿಗೆ, ವೀಸಾ ಮುಗಿಯೋ ದಿನ ಎಲ್ಲ ತಿಳಿದುಕೊಂಡಿದ್ದ. ನಕ್ಕವರಿಗೆ ತಮ್ಮ ಮಕ್ಕಳು ಯಾವ ಊರಲ್ಲಿದ್ದಾರೆ ಅನ್ನೋದೂ ಸರಿಯಾಗಿ ಗೊತ್ತಿರಲಿಲ್ಲ.

ನೀನು ಹೋಗೋ ದೇಶದಲ್ಲೂ ಮೀಟರು ಇದೆ ಮಗು, ಗೋಡೆಯ ಮೇಲೆ ಕಾಣಲ್ಲ ಅಷ್ಟೇ. ಕರಾರು ಪತ್ರದ ಸಣ್ಣ ಅಕ್ಷರದಲ್ಲಿ ಕೂತು ಓಡ್ತಾ ಇರ್ತದೆ. ಹಾಗಾಗಿ ಯಾವ ಸಿಮ್ಮಾದರೂ, ಯಾವ ಇಂಟರ್ನೆಟ್ಟಾದರೂ ಸಹಿ ಹಾಕೋ ಮುಂಚೆ ಕೇಳಿಕೋ. ಮೀಟರು ಯಾವತ್ತು ಶುರು? ನಾನು ನಿಲ್ಲಿಸು ಅಂದರೆ ಯಾವತ್ತು ನಿಲ್ತದೆ? ನಿಲ್ಲಿಸಲಿಕ್ಕೆ ಯಾರಿಗೆ, ಹೇಗೆ ಹೇಳಬೇಕು? ಉತ್ತರ ಕೊಡಲಿಕ್ಕೆ ತಡವರಿಸೋ ಅಂಗಡಿಯಿಂದ "ನಾಳೆ ಬರ್ತೇನೆ" ಅಂತ ಎದ್ದು ಬಾ. ಶಿರಾಳಕೊಪ್ಪದ ಸಂತೆಯಲ್ಲಿ ಬದನೆಕಾಯಿ ತಗೊಳ್ಳೋವಾಗ ನಾಲ್ಕು ಕಡೆ ವಿಚಾರಿಸೋ ನಿನಗೆ ಇದೇನು ಹೊಸದಲ್ಲ.

ಮೊದಲು ಇಲ್ಲಿಯ ಕೆಲಸ ಮುಗಿಸು. ನಿನ್ನ ಈಗಿನ ನಂಬರನ್ನು ಸಾಯಲಿಕ್ಕೆ ಬಿಡಬೇಡ. "ಅಲ್ಲಿ ಹೊಸ ನಂಬರು ಬರ್ತದಲ್ಲ, ಇದು ಯಾಕೆ" ಅಂತ ತಮ್ಮನ ಕೈಗೆ ಕೊಟ್ಟು ಹೋಗೋ ಬುದ್ಧಿವಂತರನ್ನು ನೋಡಿದ್ದೇನೆ. ಬ್ಯಾಂಕಿನ ಓಟಿಪಿ ಬರೋದು ಆ ನಂಬರಿಗೆ, ಆಧಾರ್ ಜೋಡಿಸಿದ್ದು ಅದಕ್ಕೆ, ವಾಟ್ಸಾಪು ಅದರ ಮೇಲೆ. ನೀನು ಅಲ್ಲಿ ಫೀಸು ಕಟ್ಟಲಿಕ್ಕೆ ಕಂಪ್ಯೂಟರಿನ ಮುಂದೆ ಕೂತಿರ್ತೀಯ, ತಮ್ಮ ಇಲ್ಲಿ ಅಂಜನಾಪುರ ಡ್ಯಾಮಿನಲ್ಲಿ ಈಜ್ತಾ ಇರ್ತಾನೆ, ಓಟಿಪಿ ದಡದ ಮೇಲಿನ ಪ್ಯಾಂಟಿನ ಜೇಬಿಗೆ ಬರ್ತದೆ. ಸಿಮ್ಮು ನಿನ್ನ ಜೊತೆಯೇ ಬರಲಿ. ಹೊರಡೋ ಮುಂಚೆ ಇಂಟರ್‌ನ್ಯಾಷನಲ್ ರೋಮಿಂಗ್ ಚಾಲೂ ಮಾಡಿಸು. ಹೋದ ಮೇಲೆ ಮಾಡಿಸ್ತೇನೆ ಅಂದರೆ ಅದಕ್ಕೂ ಒಂದು ಓಟಿಪಿ ಕೇಳ್ತಾರೆ, ಆ ಓಟಿಪಿ ಬರಲಿಕ್ಕೆ ರೋಮಿಂಗ್ ಬೇಕು! ರೋಮಿಂಗಿನಲ್ಲಿ ಬರೋ ಮೆಸೇಜಿಗೆ ಸಾಮಾನ್ಯವಾಗಿ ಕಾಸಿಲ್ಲ. ಕರೆ ಎತ್ತಿದರೆ ಕಾಸು, ಡೇಟಾ ಆನ್ ಇಟ್ಟರೆ ಅದಕ್ಕಿಂತ ದೊಡ್ಡ ಕಾಸು. ಬೆಂಗಳೂರಿನಲ್ಲಿ ವಿಮಾನ ಹತ್ತೋ ಮುಂಚೆಯೇ ಆ ಸಿಮ್ಮಿನ ಡೇಟಾ ರೋಮಿಂಗ್ ಆಫ್ ಮಾಡು.

ಕರೆನ್ಸಿ ಹಾಕಿಸೋದು ಮರೀಬೇಡ. ಟೆಲಿಕಾಂ ನಿಯಂತ್ರಕ ಟ್ರಾಯ್ ನಿಯಮದ ಪ್ರಕಾರ ಪ್ರಿಪೇಯ್ಡ್ ನಂಬರನ್ನು 90 ದಿನ ಬಳಸದೇ ಬಿಟ್ಟರೆ ಕಂಪನಿ ಅದನ್ನು ನಿಲ್ಲಿಸಬಹುದು. ಆಮೇಲೆ ಕೆಲವು ತಿಂಗಳಲ್ಲಿ ಅದು ಇನ್ಯಾರದೋ ಕೈ ಸೇರಿ, ನಿನ್ನ ಬ್ಯಾಂಕಿನ ಮೆಸೇಜು ಅವರು ಓದೋ ಹಾಗೆ ಆಗ್ತದೆ. ಡೇಟಾ ಬೇಡದವರಿಗೆ ಬರೀ ಮಾತು, ಮೆಸೇಜಿನ ಪ್ಯಾಕು ಕೊಡಬೇಕು, ಅದರ ಅವಧಿ 365 ದಿನದವರೆಗೂ ಇರಬಹುದು ಅಂತ 2024ರ ಡಿಸೆಂಬರಿನಲ್ಲಿ ಟ್ರಾಯ್ ತಿದ್ದುಪಡಿ ಮಾಡಿದೆ. ನಿನ್ನಂಥವರಿಗೆ ಅದೇ ಸರಿ. ವರ್ಷದ್ದು ಒಮ್ಮೆ ಹಾಕಿಸಿ ನಿಶ್ಚಿಂತೆಯಾಗಿರು. ಇಲ್ಲಿ ಜೇಬಿಗೆ ಸ್ವಲ್ಪ ಭಾರ ಅನ್ನಿಸಿದರೂ ಅಲ್ಲಿ ಕೂತು ನಂಬರು ಕಳಕೊಂಡೋರ ಗೋಳು ಕೇಳಿದರೆ ಅಗ್ಗವೇ. ಸಿಮ್ಮು ಕಳೆದುಹೋದರೆ ಹೊಸದು ಕೊಡಿಸಿಕೊಳ್ಳಲಿಕ್ಕೆ ನೀನೇ ಆಧಾರ್ ಹಿಡಿದು ಬಂದು ನಿಲ್ಲಬೇಕಾಗಬಹುದು, ಸಾವಿರಾರು ಮೈಲಿ ದೂರದಿಂದ. ನಿನ್ನ ಫೋನಿನಲ್ಲಿ ಇ-ಸಿಮ್ ಹಾಕಲಿಕ್ಕೆ ಆಗ್ತದಾ ನೋಡು. ಆಗೋದಾದರೆ ಇಲ್ಲಿರುವಾಗಲೇ ಬದಲಾಯಿಸಿಕೊಂಡು, ಸಿಮ್ಮಿನ ಜಾಗವನ್ನು ಅಲ್ಲಿಯ ಸಿಮ್ಮಿಗೆ ಖಾಲಿ ಇಟ್ಟುಕೋ.

ಯುಪಿಐ ವಿಷಯ ನಿನಗೇ ಹೆಚ್ಚು ಗೊತ್ತು ಅಂತೀಯ. ಗೊತ್ತಿದ್ದರೆ ಇದನ್ನೂ ತಿಳಕೋ. ವಿದೇಶದ ನಂಬರು ಜೋಡಿಸಿದ, ಅನಿವಾಸಿ ಭಾರತೀಯರ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗೂ ಯುಪಿಐ ಕೊಡಬಹುದು ಅಂತ 2023ರ ಜನವರಿಯಲ್ಲಿ ಯುಪಿಐ ನಡೆಸೋ ಎನ್‌ಪಿಸಿಐ ಹೇಳಿತು. ಆಗ ಹೆಸರಿಸಿದ್ದು ಹತ್ತು ದೇಶ: ಅಮೆರಿಕ, ಕೆನಡಾ, ಇಂಗ್ಲೆಂಡು, ಆಸ್ಟ್ರೇಲಿಯಾ, ಸಿಂಗಪುರ, ಹಾಂಗ್‌ಕಾಂಗ್, ಯುಎಇ, ಸೌದಿ, ಕತಾರ್, ಒಮಾನ್. ನಮ್ಮ ಮಕ್ಕಳು ಹಿಂಡುಹಿಂಡಾಗಿ ಹೋಗ್ತಾ ಇರೋ ಜರ್ಮನಿ ಆ ಪಟ್ಟಿಯಲ್ಲಿ ಇರಲಿಲ್ಲ. ನಿನ್ನ ಬ್ಯಾಂಕಿಗೆ ಹೋಗಿ ಕೇಳು. ಮ್ಯಾನೇಜರು ಬಿಜಿ ಇದ್ದರೆ ಕೂತು ಕಾಯಿ.

ಇನ್ನೊಂದು ಚಿಲ್ಲರೆ ವಿಷಯ. ಫೋನಿನಲ್ಲಿ ಸೇವ್ ಮಾಡಿರೋ ನಮ್ಮ ನಂಬರುಗಳಿಗೆಲ್ಲ ಮುಂದೆ ಪ್ಲಸ್ 91 ಸೇರಿಸು. ಬರೀ ಹತ್ತು ಅಂಕಿ ಇಟ್ಟುಕೊಂಡು ಅಲ್ಲಿಂದ ಒತ್ತಿದರೆ ಅದು ಆ ದೇಶದೊಳಗೇ ಯಾರಿಗಾದರೂ ಹೋಗ್ತದೆ, ಇಲ್ಲ ಎಲ್ಲಿಗೂ ಹೋಗಲ್ಲ. "ಅಜ್ಜನ ಫೋನು ಹಾಳಾಗಿದೆ" ಅಂತ ನೀನು ನನ್ನ ಮೇಲೆ ಹಾಕ್ತೀಯ.

ಸರಿ, ಇಳಿದೆ ಅಂತ ಇಟ್ಟುಕೋ. ಕಣ್ಣು ಕೂರ್ತಾ ಇರ್ತದೆ, ಕಾಲು ಊದಿರ್ತದೆ. ಏರ್‌ಪೋರ್ಟಿನಲ್ಲೇ ಒಂದು ಚಂದದ ಅಂಗಡಿ, ಚಂದದ ನಗು, "ಎರಡು ವರ್ಷದ ಪ್ಲ್ಯಾನ್ ತಗೊಂಡರೆ ಫೋನ್ ಫ್ರೀ." ನಗುವಿಗೆ ನಗು ವಾಪಸ್ ಕೊಟ್ಟು ಮುಂದೆ ನಡಿ. ಏರ್‌ಪೋರ್ಟಿನ ವೈಫೈ ಹಿಡಿದು ಮನೆಗೆ "ಮುಟ್ಟಿದೆ" ಅಂತ ಹಾಕು. ಮೊದಲ ತಿಂಗಳಿಗೆ ಒಂದು ಪ್ರಿಪೇಯ್ಡ್ ಸಿಮ್ಮು ಸಾಕು. ಯಾವ ಕಂಪನಿಯ ಟವರ್ ನಿನ್ನ ರೂಮಿನೊಳಗೆ ಸಿಗ್ತದೆ, ಕಾಲೇಜಿನ ನೆಲಮಾಳಿಗೆಯಲ್ಲಿ ಯಾವುದು ಸಿಗ್ತದೆ ಅನ್ನೋದು ಅಲ್ಲಿ ಬದುಕಿ ನೋಡಿದ ಮೇಲೆ ಗೊತ್ತಾಗೋದು. ಸೊರಬದ ಪೇಟೆಯಲ್ಲಿ ಐದು ಕಡ್ಡಿ ತೋರಿಸೋ ಫೋನು ಚಂದ್ರಗುತ್ತಿ ಕಡೆ ತಿರುಗಿದರೆ ಏನು ತೋರಿಸ್ತದೆ ಅಂತ ನಿನಗೆ ಹೇಳಿಕೊಡಬೇಕಾ? 2020ರಲ್ಲಿ ಆನ್‌ಲೈನ್ ಕ್ಲಾಸಿಗೆ ಅಂತ ಮಲೆನಾಡಿನ ಮಕ್ಕಳು ಗುಡ್ಡ ಹತ್ತಿ ಕೂತದ್ದು ಮರೆತಿಲ್ಲವಷ್ಟೆ. ಕೊಳ್ಳೋ ಮುಂಚೆ ರೇಂಜ್ ನೋಡು. ಅದು ಯುರೋಪಿನಲ್ಲೂ ಅಷ್ಟೇ ನಿಜ.

ಜರ್ಮನಿಯ ವಿಷಯ ಸ್ವಲ್ಪ ಬಿಡಿಸಿ ಹೇಳ್ತೇನೆ, ನನ್ನ ಮೊಮ್ಮಗಳು ಅಲ್ಲಿರೋದರಿಂದ ಅಲ್ಲಿಯ ಪುರಾಣ ನನಗೆ ವಾರವಾರವೂ ಬರ್ತದೆ. ಅಲ್ಲಿ ಸಿಮ್ಮು ಸೂಪರ್ ಮಾರ್ಕೆಟ್ಟಿನಲ್ಲಿ ಬಿಸ್ಕತ್ತಿನ ಪಕ್ಕದಲ್ಲೇ ಸಿಗ್ತದೆ. ಆದರೆ 2017ರ ಜುಲೈನಿಂದ ಗುರುತು ತೋರಿಸದೆ ಪ್ರಿಪೇಯ್ಡ್ ಸಿಮ್ಮು ಕೂಡ ಚಾಲೂ ಆಗಲ್ಲ. ವಿಡಿಯೊ ಕಾಲ್ ಮಾಡಿ ಪಾಸ್‌ಪೋರ್ಟು ತೋರಿಸು ಅಂತಾರೆ, ಇಂಟರ್ನೆಟ್ಟಿಗಾಗಿ ತಗೊಂಡ ಸಿಮ್ಮು ಚಾಲೂ ಆಗಲಿಕ್ಕೆ ಇಂಟರ್ನೆಟ್ ಬೇಕು. ಕಿರಿಕಿರಿ ಬೇಡ ಅಂದರೆ ಅಂಗಡಿಯಲ್ಲೇ ಪಾಸ್‌ಪೋರ್ಟು ನೋಡಿ ಚಾಲೂ ಮಾಡಿಕೊಡೋರ ಹತ್ತಿರ ಹೋಗು, ನಾಲ್ಕು ಯೂರೊ ಹೆಚ್ಚಾದರೂ ಪರವಾಗಿಲ್ಲ.

ಆಮೇಲೆ ಬರೋದು ಮನೆಯ ಇಂಟರ್ನೆಟ್ಟು. ಇಲ್ಲೇ ನಮ್ಮ ಹುಡುಗರು ಜಾರೋದು. ಆನವಟ್ಟಿ ಕಡೆಯ ಒಬ್ಬ ಹುಡುಗ, ಹೆಸರು ಬೇಡ, ಅಲ್ಲಿಗೆ ಹೋದ ಮೊದಲ ವಾರದಲ್ಲೇ 24 ತಿಂಗಳ ಕರಾರಿಗೆ ಸಹಿ ಹಾಕಿದ. ಸ್ವಲ್ಪ ದಿನ ಕಳೆದ ಮೇಲೆ ಗೊತ್ತಾಯ್ತು, ಅವನ ರೂಮಿನ ಬಾಡಿಗೆಯಲ್ಲೇ ಇಂಟರ್ನೆಟ್ ಸೇರಿತ್ತು, ರೂಟರು ಪಕ್ಕದ ಕೋಣೆಯಲ್ಲಿತ್ತು! ಮನೆ ಮಾಲೀಕನನ್ನು ಒಂದು ಮಾತು ಕೇಳಿದ್ದರೆ ಮುಗೀತಿತ್ತು. ನಮ್ಮ ಕಡೆ ಹುಡುಗರಿಗೆ ಕೇಳಲಿಕ್ಕೆ ಸಂಕೋಚ, ಸಹಿ ಹಾಕಲಿಕ್ಕೆ ಮಾತ್ರ ಎಳ್ಳಷ್ಟೂ ಸಂಕೋಚ ಇಲ್ಲ. ಆನ್‌ಲೈನಿನಲ್ಲೋ ಫೋನಿನಲ್ಲೋ ತಗೊಂಡಿದ್ದರೆ 14 ದಿನದೊಳಗೆ ಬೇಡ ಅಂತ ಬರೆದು ಕೊಡೋ ಹಕ್ಕು ಅಲ್ಲಿಯ ಕಾನೂನಿನಲ್ಲಿದೆ. ಇವನು ಅಂಗಡಿಗೆ ಹೋಗಿ ನಿಂತು ಸಹಿ ಹಾಕಿದ್ದ. ಅಂಗಡಿಯ ಸಹಿಗೆ ಆ 14 ದಿನ ಇಲ್ಲ. ಇದನ್ನು ಗಂಟು ಹಾಕಿಕೋ.

ಕಾನೂನು ಅಲ್ಲಿ ಗಿರಾಕಿಯ ಕಡೆ ಇಲ್ಲವೇ ಇಲ್ಲ ಅಂತಲ್ಲ. ಹಿಂದೆ ಅವಧಿ ಮುಗಿಯೋ ಮೂರು ತಿಂಗಳ ಮುಂಚೆ ಬರೆದು ತಿಳಿಸದಿದ್ದರೆ ಕರಾರು ತಾನಾಗಿ ಇನ್ನೊಂದು ವರ್ಷ ಬೆಳೀತಿತ್ತು. 2021ರ ಡಿಸೆಂಬರಿನಿಂದ ಹೊಸ ಟೆಲಿಕಾಂ ಕಾನೂನು ಬಂದು ಅದು ನಿಂತಿತು. ಮೊದಲ ಅವಧಿ ಮುಗಿದ ಮೇಲೆ ಒಂದು ತಿಂಗಳ ನೋಟಿಸು ಕೊಟ್ಟು ಯಾವಾಗ ಬೇಕಾದರೂ ಬಿಡಬಹುದು. ಹೆಚ್ಚೆಂದರೆ 12 ತಿಂಗಳಿನ ಕರಾರೂ ಕಂಪನಿ ಕೊಡಲೇಬೇಕು. ಮಾರೋನು ತಾನಾಗಿ ಹೇಳಲ್ಲ, ನೀನು ಕೇಳಬೇಕು. ಮನೆ ಬದಲಾಯಿಸಿದ ಕಡೆ ಅದೇ ಸೇವೆ ಕೊಡಲಿಕ್ಕೆ ಅವರಿಗೆ ಆಗದಿದ್ದರೆ ಅವಧಿ ಮುಗಿಯದಿದ್ದರೂ ಒಂದು ತಿಂಗಳ ನೋಟಿಸಿನಲ್ಲಿ ಕಳಚಿಕೊಳ್ಳಬಹುದು. 2022ರ ಜುಲೈನಿಂದ ಕಂಪನಿಯ ವೆಬ್‌ಸೈಟಿನಲ್ಲೇ ಕರಾರು ರದ್ದು ಮಾಡೋ ಬಟನ್ನು ಇಡಬೇಕು ಅಂತಲೂ ಆಗಿದೆ. ಒತ್ತಿದ ಮೇಲೆ ಬರೋ ಈಮೇಲನ್ನು ತೆಗೆದಿಟ್ಟುಕೋ, ಡಿಲೀಟ್ ಮಾಡಬೇಡ. ಕಾಗದ ಇಟ್ಟುಕೊಂಡವನ ಮಾತು ಜರ್ಮನಿಯಲ್ಲಿ ನಡೀತದೆ. ಸೊರಬದ ತಾಲ್ಲೂಕು ಕಚೇರಿಯಲ್ಲೂ ನಡೀತದೆ, ಸ್ವಲ್ಪ ತಡವಾಗಿ.

ಇಂಟರ್ನೆಟ್ ಜೋಡಿಸಲಿಕ್ಕೆ ಟೆಕ್ನಿಷಿಯನ್ ಬರೋ ದಿನ ಗೊತ್ತಾದರೆ ಅವತ್ತು ಮನೆ ಬಿಟ್ಟು ಕದಲಬೇಡ. ಇಲ್ಲಿ ಲೈನ್‌ಮನ್ ದಾರಿಯಲ್ಲಿ ಸಿಕ್ಕರೆ ಕೈ ಹಿಡಿದು ಕರೆತಂದು ಕಾಫಿ ಕುಡಿಸಿ ಕೆಲಸ ಮಾಡಿಸಿಕೊಳ್ಳಬಹುದು. ಅಲ್ಲಿ "ಬೆಳಿಗ್ಗೆ ಎಂಟರಿಂದ ಮಧ್ಯಾಹ್ನದೊಳಗೆ" ಅಂತ ಹೇಳಿ ಬಂದು, ಬೆಲ್ ಹತ್ತಿರ ನಿನ್ನ ಹೆಸರು ಹುಡುಕ್ತಾನೆ. ಹೆಸರು ಕಾಣದಿದ್ದರೆ ಬಂದ ದಾರಿಗೆ ಸುಂಕ ಇಲ್ಲ ಅಂತ ಹೊರಟುಹೋಗ್ತಾನೆ. ಜರ್ಮನಿಯ ಅಪಾರ್ಟ್‌ಮೆಂಟುಗಳಲ್ಲಿ ಸಾಮಾನ್ಯವಾಗಿ ಮನೆ ಮನೆಗೆ ನಂಬರು ಇರಲ್ಲ, ಬೆಲ್ಲಿನ ಮೇಲೆ, ಟಪಾಲು ಡಬ್ಬಿಯ ಮೇಲೆ ಇರೋ ಹೆಸರೇ ವಿಳಾಸ. ನನ್ನ ಮೊಮ್ಮಗಳಿಗೆ ಹೀಗೇ ಆಯ್ತು. ಅವಳು ಒಳಗೆ ಕೂತು ಕಾದಳು, ಅವನು ಹೊರಗೆ ನಿಂತು ನೋಡಿ ಹೋದ. ಮುಂದಿನ ದಿನಾಂಕ ಸಿಗಲಿಕ್ಕೆ ವಾರಗಟ್ಟಲೆ ಆಯ್ತು. ಬ್ಯಾಂಕಿನ ಕಾರ್ಡು, ಅದರ ಪಿನ್ನು, ರೂಟರು ಎಲ್ಲ ಟಪಾಲಿನಲ್ಲೇ ಬರ್ತವೆ. ಮನೆಗೆ ಹೋದ ದಿನವೇ ಒಂದು ಚೀಟಿಯಲ್ಲಿ ಹೆಸರು ಬರೆದು ಅಂಟಿಸು. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆ. ಹೆಸರಿನ ಹಿಂದೆ ಊರು, ತಂದೆ, ಮನೆತನ ಎಲ್ಲ ಸೇರಿ ಉದ್ದ ಆಗ್ತದೆ ಅಂತ ಮೊಟಕು ಮಾಡಿದರೆ ಪೋಸ್ಟ್‌ಮ್ಯಾನಿಗೆ ಅದು ಬೇರೆಯೇ ಮನುಷ್ಯ.

ಟೀವಿ, ರೇಡಿಯೊಗೆ ದುಡ್ಡು ಕಟ್ಟು ಅಂತ ಒಂದು ಕಾಗದ ಬಂದರೆ ಮೋಸ ಅಂತ ಹರಿದು ಹಾಕಬೇಡ. ಮನೆಯಲ್ಲಿ ಟೀವಿ ಇರಲಿ ಬಿಡಲಿ, ಮನೆಗೊಂದು ಅಂತ ತಿಂಗಳಿಗೆ 18.36 ಯೂರೊ ಕಟ್ಟಲೇಬೇಕು. ನಾಲ್ಕು ಜನ ಒಂದೇ ಮನೆಯಲ್ಲಿದ್ದರೆ ಒಬ್ಬರು ಕಟ್ಟಿ ಹಂಚಿಕೊಂಡರೆ ಸಾಕು. ನ್ಯಾಯವೋ ಅನ್ಯಾಯವೋ ಆಮೇಲೆ ಚರ್ಚೆ ಮಾಡು, ಮೊದಲು ಕಟ್ಟು.

ಯುರೋಪು ಸುತ್ತೋ ಹುಚ್ಚು ಎಲ್ಲರಿಗೂ ಇರ್ತದೆ. 2017ರ ಜೂನ್ 15ರಿಂದ ಐರೋಪ್ಯ ಒಕ್ಕೂಟದೊಳಗೆ ಒಂದು ದೇಶದ ಸಿಮ್ಮು ಇನ್ನೊಂದು ದೇಶದಲ್ಲೂ ಮನೆಯ ದರಕ್ಕೇ ನಡೀತದೆ. ಅದೇ ಧೈರ್ಯದಲ್ಲಿ ಸ್ವಿಟ್ಜರ್ಲೆಂಡಿಗೆ ಹೋಗಿ ಹಿಮದ ಬೆಟ್ಟದ ಮೇಲಿಂದ ಅಮ್ಮನಿಗೆ ವಿಡಿಯೊ ಕಾಲ್ ಮಾಡಬೇಡ. ಆ ದೇಶ ಒಕ್ಕೂಟದಲ್ಲಿಲ್ಲ. ನಿನ್ನ ಪ್ಲ್ಯಾನಿನಲ್ಲಿ ಅದೂ ಸೇರಿದೆಯಾ ಅಂತ ಗಡಿ ದಾಟೋ ಮುಂಚೆ ನೋಡು, ಇಲ್ಲದಿದ್ದರೆ ಡೇಟಾ ಆಫ್ ಮಾಡು. ಬೆಟ್ಟ ಎಲ್ಲೂ ಹೋಗಲ್ಲ, ಫೋಟೊ ರೂಮಿಗೆ ಬಂದು ಕಳಿಸು.

ಬೇರೆ ದೇಶಕ್ಕೆ ಹೋಗೋರಿಗೆ ಚುಟುಕಾಗಿ ಹೇಳಿ ಮುಗಿಸ್ತೇನೆ. ಅಮೆರಿಕಕ್ಕೆ ಹೋಗೋರು ಇಲ್ಲಿಂದ ಹಳೆಯ ಫೋನು ಹೊತ್ತುಕೊಂಡು ಹೋಗಬೇಡಿ. ಅಲ್ಲಿಯ ದೊಡ್ಡ ಕಂಪನಿಗಳು 2022ರಲ್ಲೇ 3ಜಿ ಮುಚ್ಚಿದವು, 4ಜಿಯಲ್ಲೇ ಮಾತಾಡಿಸೋ ವೋಲ್ಟಿ ಇಲ್ಲದ ಫೋನಿನಲ್ಲಿ ಕರೆಯೇ ಹೋಗಲ್ಲ. ಹೊಸದಾಗಿ ಹೋದವರಿಗೆ ಅಲ್ಲಿ ಕ್ರೆಡಿಟ್ ಹಿಸ್ಟರಿ ಅನ್ನೋದು ಇರಲ್ಲ, ಪೋಸ್ಟ್‌ಪೇಯ್ಡ್ ಕೇಳಿದರೆ ಡಿಪಾಸಿಟ್ಟು ಕೇಳಬಹುದು. ಪ್ರಿಪೇಯ್ಡಿನಲ್ಲಿ ಆರಾಮಾಗಿರಿ. 2024ರ ಏಪ್ರಿಲಿನಿಂದ ಇಂಟರ್ನೆಟ್ ಮಾರೋ ದೊಡ್ಡ ಕಂಪನಿಗಳು ದರ, ವೇಗ, ಶುಲ್ಕ ಎಲ್ಲ ಬರೆದ ಚೀಟಿ ತೋರಿಸಬೇಕು ಅನ್ನೋ ನಿಯಮ ಇದೆ, ಬಿಸ್ಕತ್ ಪೊಟ್ಟಣದ ಹಿಂದೆ ಇರೋ ಥರದ್ದು. ಕೇಳಿ ಓದಿ. ಇಂಗ್ಲೆಂಡಿನಲ್ಲಿ ಪ್ರಿಪೇಯ್ಡ್ ಸಿಮ್ಮು ಗುರುತಿನ ಚೀಟಿ ಇಲ್ಲದೆಯೂ ಸಿಗ್ತದೆ, ಸುಲಭ. ಕರಾರಿನ ನಡುವೆ ದರ ಏರಿಸೋದಿದ್ದರೆ ಎಷ್ಟು ಪೌಂಡು, ಎಷ್ಟು ಪೆನ್ಸು ಅಂತ ಮೊದಲೇ ಹೇಳಬೇಕು ಅಂತ 2025ರ ಜನವರಿಯಿಂದ ಅಲ್ಲಿ ನಿಯಮ. ಆಸ್ಟ್ರೇಲಿಯಾದಲ್ಲೂ 2024ರ ಕೊನೆಗೆ 3ಜಿ ಮುಚ್ಚಿದೆ. ಇನ್ನು ದುಬೈ ವಿಷಯ, ಅಲ್ಲಿಗೆ ಹೋಗೋ ಶಿರಾಳಕೊಪ್ಪದ ಹುಡುಗರಿಗೆ ಹೇಳೋ ಅಗತ್ಯ ಇಲ್ಲ, ಆದರೂ ಅವರ ಮನೆಯವರಿಗೆ ಹೇಳಬೇಕು. ಯುಎಇಯಲ್ಲಿ ವಾಟ್ಸಾಪಿನಲ್ಲಿ ಮೆಸೇಜು ಹೋಗ್ತದೆ, ಮಾತು ಹೋಗಲ್ಲ. ಅಲ್ಲಿಯ ಸರ್ಕಾರ ಒಪ್ಪಿದ ಆ್ಯಪ್‌ಗಳನ್ನೇ ಬಳಸಬೇಕು. ಮಗ ಕರೆ ಮಾಡಲಿಲ್ಲ ಅಂತ ಅವನ ಮೇಲೆ ಗುಮಾನಿ ಪಡೋ ಮುಂಚೆ ಸರಿಯಾದ ಆ್ಯಪ್ ಮನೆಯ ಫೋನಿಗೂ ಹಾಕಿಸಿಕೊಳ್ಳಿ.

ತುರ್ತಿನ ನಂಬರು ಮೊದಲ ದಿನವೇ ಬಾಯಿಪಾಠ ಆಗಲಿ. ಯುರೋಪಿನಲ್ಲಿ ನಮ್ಮಲ್ಲಿಯ ಹಾಗೇ 112. ಅಮೆರಿಕ, ಕೆನಡಾದಲ್ಲಿ 911. ಇಂಗ್ಲೆಂಡಿನಲ್ಲಿ 999. ಆಸ್ಟ್ರೇಲಿಯಾದಲ್ಲಿ 000. ಅಂದಹಾಗೆ ನಿನ್ನ ಅಮ್ಮನ ನಂಬರು ಬಾಯಿಗೆ ಬರ್ತದಾ? ಫೋನು ನೋಡದೆ ಹೇಳು ನೋಡೋಣ. ತಡವರಿಸಿದೆ, ಗೊತ್ತಿತ್ತು. ಫೋನು ಕಳೆದರೆ, ಇಲ್ಲ ಚಾರ್ಜು ಹೋದರೆ ಯಾರ ಫೋನಿನಿಂದ ಯಾವ ನಂಬರಿಗೆ ಮಾಡ್ತೀಯ? ಒಂದು ಕಾಗದದಲ್ಲಿ ಬರೆದು ಪಾಸ್‌ಪೋರ್ಟಿನ ಕವರಿನಲ್ಲಿಡು.

ಹೆದರಿಸ್ತಾ ಇದ್ದೇನೆ ಅಂದುಕೊಳ್ಳಬೇಡ. 2023ರ ಏಪ್ರಿಲ್ 15ಕ್ಕೆ ಸುಡಾನಿನಲ್ಲಿ ಕಾಳಗ ಶುರುವಾದಾಗ ನಮ್ಮ ರಾಜ್ಯದ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಹಾಕಿಕೊಂಡರು, ಗಿಡಮೂಲಿಕೆ ಎಣ್ಣೆ ಮಾರಲಿಕ್ಕೆ ಹೋದವರು. ನಮ್ಮ ಜಿಲ್ಲೆಯವರೂ ಇದ್ದರು. ನೀರಿಲ್ಲ, ಕರೆಂಟಿಲ್ಲ, ಹೊರಗೆ ಗುಂಡು. ಅವರು ಮಾಡಿದ ಫೋನು, ಕಳಿಸಿದ ವಿಡಿಯೊ ಇಲ್ಲಿಯ ಸುದ್ದಿಯವರ ಕೈ ಸೇರಿ, ರಾಜಕೀಯದವರ ಬಾಯಿಗೆ ಬಂದು, ಕೊನೆಗೆ ಭಾರತ ಸರ್ಕಾರ ಆಪರೇಷನ್ ಕಾವೇರಿ ಮಾಡಿ ಅಲ್ಲಿದ್ದ ಭಾರತೀಯರನ್ನು ಕರೆತಂತು. ದೊಡ್ಡ ಡಿಗ್ರಿ ಇಲ್ಲದ ಜನ. ಯಾರಿಗೆ ಫೋನು ಮಾಡಬೇಕು, ಏನು ಹೇಳಬೇಕು ಅನ್ನೋದು ಅವರಿಗೆ ಗೊತ್ತಿತ್ತು. ನಿನ್ನ ಹೊಸ ನಂಬರನ್ನು ಆ ದೇಶದಲ್ಲಿರೋ ನಮ್ಮ ರಾಯಭಾರ ಕಚೇರಿಯಲ್ಲೂ ನೋಂದಾಯಿಸಿಡು, ಐದು ನಿಮಿಷದ ಕೆಲಸ.

ಇನ್ನು ಕಳ್ಳರ ವಿಷಯ. ಅಲ್ಲಿಯ ಕಳ್ಳ ನಿನಗೆ ಫೋನು ಮಾಡಿ, ಭಾರತದ ರಾಯಭಾರ ಕಚೇರಿಯಿಂದ ಅಂತ ಹೇಳಿ, ಪರದೆಯ ಮೇಲೆ ಅದೇ ಕಚೇರಿಯ ನಂಬರನ್ನೇ ತೋರಿಸಿ, "ನಿನ್ನ ವೀಸಾದಲ್ಲಿ ದೋಷ ಇದೆ, ದುಡ್ಡು ಕಟ್ಟು" ಅಂತಾನೆ. ವಾಷಿಂಗ್ಟನ್ನಿನ ನಮ್ಮ ರಾಯಭಾರ ಕಚೇರಿಯೇ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಇಲ್ಲಿಯ ಕಳ್ಳ ನಿನ್ನ ಅಪ್ಪನಿಗೆ ಫೋನು ಮಾಡಿ, "ನಿಮ್ಮ ಮಗ ಪೊಲೀಸರ ಕೈಗೆ ಸಿಕ್ಕಿದ್ದಾನೆ" ಅಂತ ಹೆದರಿಸ್ತಾನೆ. ಫೋನಿನಲ್ಲೇ ಬಂಧಿಸಿದ್ದೇವೆ ಅನ್ನೋ ಡಿಜಿಟಲ್ ಅರೆಸ್ಟ್ ಅಂತ ಕಾನೂನಿನಲ್ಲಿ ಯಾವುದೂ ಇಲ್ಲ ಅಂತ 2024ರ ಅಕ್ಟೋಬರಿನಲ್ಲಿ ಪ್ರಧಾನಿಯೇ ರೇಡಿಯೊದಲ್ಲಿ ಹೇಳಿದರು. ಅಪ್ಪನಿಗೆ ಆ ಹೊತ್ತಲ್ಲಿ ಅದು ನೆನಪಾಗಲ್ಲ. ಹಾಗಾಗಿ ಹೊರಡೋ ಮುಂಚೆ ಮನೆಯವರೆಲ್ಲ ಕೂತು ಒಂದು ಗುಟ್ಟಿನ ಪ್ರಶ್ನೆ ಇಟ್ಟುಕೊಳ್ಳಿ. ಕೊಟ್ಟಿಗೆಯ ಕೆಂದ ಹಸುವಿನ ಹೆಸರೇನು, ಅಂಥದ್ದು. ಹೆಸರು ಹೇಳಲಾರದವನು ಮಗನ ದನಿಯಲ್ಲೇ ಅತ್ತರೂ ದುಡ್ಡು ಹೋಗಬಾರದು. ದುಡ್ಡು ಹೋಗಿಯೇ ಬಿಟ್ಟರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಆ ನಂಬರನ್ನು ದೇವರ ಮನೆಯ ಕ್ಯಾಲೆಂಡರಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಹೋಗು. ಬಾಗಿಲ ಹಿಂದೆ ಬರೆದರೆ ಯಾರೂ ನೋಡಲ್ಲ.

ಕಂಪನಿಗೆ ಫೋನು ಮಾಡೋದು ಬಂದರೆ ಆ ತೋಟದ ಯಜಮಾನರ ಚೀಟಿ ನೆನಪಿರಲಿ. ಗಿರಾಕಿ ನಂಬರು, ಕರಾರಿನ ದಿನಾಂಕ, ನಿನ್ನ ದೂರು, ನಿನಗೆ ಏನಾಗಬೇಕು, ಎಲ್ಲ ಬರೆದುಕೊಂಡು ಕೂರು. ಮಾತಾಡಿದವರ ಹೆಸರು, ಹೊತ್ತು ಬರೆದುಕೋ. ಸಿಟ್ಟು ಬರ್ತದೆ, ಬರಲಿ. ಕೂಗಾಡಬೇಡ. ಆ ಕಡೆ ಕೂತ ಹುಡುಗಿ ಕೂಡ ಯಾರದೋ ಮನೆಯಿಂದ ದೂರ ಬಂದು ಸಂಬಳಕ್ಕೆ ಕೂತವಳು, ಮೃದುವಾಗಿ ಕೇಳಿದರೆ ನಿಯಮದ ಪುಸ್ತಕದಲ್ಲಿ ಒಂದು ಪುಟ ಹೆಚ್ಚಿಗೆ ತಿರುವಿ ನೋಡ್ತಾಳೆ. ಬೂತಿನಲ್ಲಿ ನಾನೂ ಹಾಗೇ ಇದ್ದೆ. ಜೋರು ಮಾಡಿದವನಿಗೆ ಪೈಸಾ ಲೆಕ್ಕದ ಬಿಲ್ಲು, ನಗುತ್ತಾ ಬಂದವನಿಗೆ ಚಿಲ್ಲರೆ ಮಾಫಿ.

ಮನೆಯ ಕಡೆಯದೂ ಸ್ವಲ್ಪ ಸರಿಮಾಡಿ ಹೋಗು. ಅಮ್ಮನ ಫೋನಿಗೆ ವಿದೇಶದ ನಂಬರಿನಿಂದ ಕರೆ ಬಂದರೆ ಎತ್ತಬೇಡ ಅಂತ ನೀನೇ ಕಲಿಸಿದ್ದೀಯ, ಒಳ್ಳೆಯದೇ. ಹೊಸ ನಂಬರು ಸಿಕ್ಕಿದ ದಿನವೇ ಹಳೆಯ ವಾಟ್ಸಾಪಿನಿಂದ ಅದನ್ನು ಕಳಿಸಿ, ಯಾರಾದರೂ ಸೇವ್ ಮಾಡಿಕೊಡೋ ಹಾಗೆ ನೋಡು. ಹಳೆಯ ನಂಬರಿನ ವಾಟ್ಸಾಪನ್ನು ಹಾಗೇ ಇಟ್ಟುಕೊಂಡರೂ ನಡೀತದೆ, ಆತುರಪಟ್ಟು ಬದಲಾಯಿಸಬೇಡ.

ಕರೆ ಮಾಡೋ ಹೊತ್ತು ಈಗಲೇ ಗೊತ್ತು ಮಾಡೋಣ. ಜರ್ಮನಿಯ ಗಡಿಯಾರ ಚಳಿಗಾಲದಲ್ಲಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಮೂರೂವರೆ. ಮಾರ್ಚಿನ ಕೊನೆಯ ಭಾನುವಾರ, ಅಕ್ಟೋಬರಿನ ಕೊನೆಯ ಭಾನುವಾರ ಅವರು ಗಡಿಯಾರ ತಿರುಗಿಸ್ತಾರೆ, ನಾವು ತಿರುಗಿಸಲ್ಲ. ರಾತ್ರಿ ಒಂಬತ್ತರ ಮೇಲೆ ಮಾಡಬೇಡ, ಆ ಹೊತ್ತಿಗೆ ಫೋನು ಬಡಕೊಂಡರೆ ನಮ್ಮ ವಯಸ್ಸಿನವರ ಎದೆಯೂ ಬಡಕೊಳ್ತದೆ. ಭಾನುವಾರ ನಮ್ಮ ಸಂಜೆ ಐದಕ್ಕೆ ಮಾಡು. ವೈಫೈ ಇಲ್ಲ, ಕರೆನ್ಸಿ ಇಲ್ಲ ಅಂತ ನನ್ನ ಹತ್ತಿರ ನೆಪ ಹೇಳಬೇಡ.